ಗೇಣುದ್ದದ ರಬ್ಬರು

ವಿಕಾರಾಬಾದಿನಿಂದ ತಾಂಡೂರಿಗೆ ಹೋಗುವ ರಸ್ತೆಯು, ಮೂಸಿ ನದಿಯ ಉಗಮಸ್ಥಾನವಾದ ಅನಂತಗಿರಿಯ ಅರಣ್ಯವನ್ನು ಹೊಕ್ಕು, ತಿರುವು ತಿರುವಾಗಿ ಇಳಿದು ಧಾರೂರಿನ ಕಡೆಯ ತೊಗರಿಯ ಬಯಲನ್ನು ಸೇರುವಷ್ಟರಲ್ಲಿ, ಚಾಲಕನ ಬಲಗಾಲು ಬ್ರೇಕಿನ ಪೆಡಲನ್ನು ಎಷ್ಟು ಸಲ ಒತ್ತುವುದೋ ಎಣಿಸಿದವರಿಲ್ಲ. ಕಳೆದ ಕಾರ್ತಿಕದಲ್ಲಿ ನಾನು ಕುಟುಂಬಸಮೇತನಾಗಿ ಆ ಘಾಟನ್ನಿಳಿದು ಧಾರೂರಿಗೆ ಬಂದಾಗ ನಮ್ಮ ಹಳೆಯ ಗಾಡಿಯ ಮುಂದಿನ ಬಲಗಾಲಿಯಿಂದ ಸುಟ್ಟ ವಾಸನೆ ಹೊಮ್ಮುತ್ತಿತ್ತು. ಗಾಡಿ ಆ ಮಗ್ಗುಲಿಗೇ ಎಳೆಯುತ್ತಿತ್ತು.

ಗ್ಯಾರೇಜಿನ ಮಿಸ್ತ್ರಿ ಗಾಲಿಯನ್ನು ಜಾಕಿಯ ಮೇಲೆತ್ತಿ ತಿರುಗಿಸಿದನು, ಅದು ಅಲುಗಲಿಲ್ಲ. ಬ್ರೇಕಿನ ಹೋಸ್ ಪೈಪಿನ ಮೇಲ್ತುದಿಯ ನಟ್ಟನ್ನು ಸಡಿಲಿಸಿದನು, ಆಗಲೂ ಇಲ್ಲ. ಗಾಲಿಯ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ನಿಪ್ಪಲನ್ನು ಬಿಚ್ಚಿದೊಡನೆ ಎಣ್ಣೆ ಚಿಮ್ಮಿ, ಗಾಲಿ ಸಲೀಸಾಗಿ ತಿರುಗಿತು. “ಮ್ಯಾಲ ಏನೂ ಆಗಿಲ್ರಿ, ಬ್ಯಾನಿ ಒಳಗದ” ಎಂದನು.

ಬ್ರೇಕಿನ ಎಣ್ಣೆಯನ್ನು ಹೊತ್ತು ಚಾಸಿಯ ಗುಂಟ ಹರಿದುಬರುವ ಉಕ್ಕಿನ ಕೊಳವೆ ಗಾಲಿಯ ಬಳಿ ನಿಲ್ಲಲೇಬೇಕು. ಏಕೆಂದರೆ ಗಾಲಿ ಹೊರಳುತ್ತದೆ, ಕುಪ್ಪಳಿಸುತ್ತದೆ, ಉಕ್ಕು ಅದನ್ನು ಅನುಸರಿಸಲಾರದು. ಆ ಅಂತರವನ್ನು ತುಂಬುವುದೇ ಒಳನಾಳ, ನೂಲಿನ ಹೆಣಿಗೆ, ಹೊರಪದರಗಳುಳ್ಳ ಗೇಣುದ್ದದ ರಬ್ಬರು, ಅದೇ ಹೋಸು. ದ್ರವದ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹಬ್ಬುವುದೆಂಬ ಪಾಸ್ಕಲನ ನಿಯಮವನ್ನು ನಂಬಿ 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಗಾಲಿಗೂ ಎಣ್ಣೆಯ ಬ್ರೇಕನ್ನು ಅಳವಡಿಸಿಕೊಂಡಿತು.

ಹೋಸು ಹೊರಗೆ ಬಿರುಕು ಬಿಟ್ಟರೆ, ಉಬ್ಬಿದರೆ, ಜಿನುಗಿದರೆ ಕಣ್ಣಿಗೆ ಬೀಳುತ್ತದೆ. ನನ್ನನ್ನು ಕಳವಳಗೊಳಿಸುವುದು ಒಳನಾಳದ ಬಾವು. ಕಾಲಿನ ಬಲಕ್ಕೆ ಎಣ್ಣೆ ಮುಂದೆ ನುಗ್ಗುತ್ತದೆ. ಕಾಲು ತೆಗೆದಾಗ ಹಿಂದಿರುಗಲು ದಾರಿಯಿಲ್ಲದೆ, ಪ್ಯಾಡು ಡಿಸ್ಕನ್ನು ಕಚ್ಚಿಕೊಂಡೇ ಇರುತ್ತದೆ. ಬ್ರೇಕು ಹಿಡಿಯುತ್ತಲೇ ಇರುವುದರಿಂದ ಅದು ಕೆಟ್ಟಿದೆಯೆಂದು ಮನಸ್ಸು ಒಪ್ಪುವುದಿಲ್ಲ. ಇತ್ತ ಶಾಖ ಏರುತ್ತದೆ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ಆದರೆ ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ತೇವಗೂಡಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿಯನ್ನು ಒತ್ತಿದರೆ ಅದು ಕುಗ್ಗುವುದೇ ಹೊರತು ಬಲವನ್ನು ದಾಟಿಸದು, ಪೆಡಲು ನೆಲಕ್ಕಿಳಿಯುತ್ತದೆ.

ಮಿಸ್ತ್ರಿ ಹೋಸು ಬದಲಿಸಿದ ಕೆಲಸವನ್ನು ನಾನು ಕಣ್ತುಂಬ ನೋಡಿದೆನು. ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿಯೊಂದನ್ನೇ ನೆಚ್ಚದೆ ಚಾಸಿಯ ಕೆಳಗೆ ಸ್ಟ್ಯಾಂಡನ್ನಿರಿಸಿ, ನಟ್ಟಿನ ಮೂಲೆಗಳು ಸವೆಯದಂತೆ ಅದನ್ನು ಸುತ್ತ ತಬ್ಬುವ ಪಾನಾ ಹಿಡಿದು, ಉಕ್ಕಿನ ಕೊಳವೆ ತಿರುಚಿಕೊಳ್ಳದಿರಲೆಂದು ಇನ್ನೊಂದು ಪಾನಾದಿಂದ ಹೋಸಿನ ತುದಿಯನ್ನು ಬಿಗಿಹಿಡಿದು ಬಿಚ್ಚಿದನು. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಟೊಳ್ಳು ಬೋಲ್ಟಿಗೆ, ಹೋಸಿನ ತುದಿಯ ಎರಡು ಬದಿಗೂ ಹೊಸ ತಾಮ್ರದ ವಾಷರು. ಹಳೆಯವು ಒಮ್ಮೆ ಚಪ್ಪಟೆಯಾದ ಮೇಲೆ ಸೋರುವುದನ್ನು ತಡೆಯುವ ಭರವಸೆಯಿಲ್ಲ. ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹೊರಳಿಸಿ, ಹೋಸು ಎಲ್ಲಿಯೂ ಉಜ್ಜದೆಂದು ಖಚಿತಪಡಿಸಿಕೊಂಡನು. ತರುವಾಯ ನನ್ನ ಮಗನನ್ನು ಪೆಡಲನ್ನೊತ್ತಲು ಕೂರಿಸಿ, “ಪಂಪ್ ಹೊಡಿ... ಒತ್ತಿ ಹಿಡಿ” ಎನ್ನುತ್ತ, ನಿಪ್ಪಲಿಗೆ ಸಿಕ್ಕಿಸಿದ ನಳಿಗೆಯಲ್ಲಿ ಗುಳ್ಳೆಗಳು ನಿಲ್ಲುವವರೆಗೂ ಗಾಳಿ ತೆಗೆದನು, ಮೇಲಿನ ಡಬ್ಬಿಯ ಎಣ್ಣೆ ಬತ್ತದಂತೆ ನಡುನಡುವೆ ತುಂಬುವುದನ್ನು ಮಾತ್ರ ಮರೆಯಲಿಲ್ಲ.

ಎಲ್ಲ ಮುಗಿದ ಮೇಲೆ, ನಾನು ಕೇಳದೆಯೇ, ಹಳೆಯ ಹೋಸನ್ನು ಬ್ಲೇಡಿನಿಂದ ಕೊಯ್ದು ನನ್ನ ಅಂಗೈಯಲ್ಲಿಟ್ಟನು. ಹೊರಗೆ ಒಂದು ಗೀರೂ ಇರಲಿಲ್ಲ; ಒಳಗೆ ಸೂಜಿಯ ಮೊನೆ ಹಾಯುವಷ್ಟೇ ಕಂಡಿ ಉಳಿದಿತ್ತು. ಎಡಗಾಲಿಯದನ್ನೂ ಬಿಚ್ಚೆಂದು ನಾನೇ ಹೇಳಿದೆನು.