ಸಾಲಿನ ಕೊನೆಯಲ್ಲಿ ನಿಂತ ಹುಡುಗ

ಶಾಲೆಯ ಕ್ರೀಡೋತ್ಸವ ಸಮೀಪಿಸಿದೆ. ಬಯಲಿನಲ್ಲಿ ಸುಣ್ಣದ ಗೆರೆಗಳು ಮೂಡಿವೆ. ವ್ಯಾಯಾಮ ಶಿಕ್ಷಕರು ಸೀಟಿ ಊದಿ ಆರನೆಯ ತರಗತಿಯ ಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸುತ್ತಾರೆ. ಓಟಕ್ಕೆ, ಕಬಡ್ಡಿಗೆ, ಗುಂಡು ಎಸೆತಕ್ಕೆ ಹೆಸರುಗಳು ಬೇಕು. ಅವರ ದೃಷ್ಟಿ ಉದ್ದಕ್ಕೆ ಬೆಳೆದು ನಿಂತ ನಾಲ್ಕೈದು ಮಕ್ಕಳ ಮೇಲೆ ನೆಲೆಸುತ್ತದೆ. ಹತ್ತು ನಿಮಿಷಗಳಲ್ಲಿ ಆಯ್ಕೆ ಮುಗಿಯುತ್ತದೆ. ಉಳಿದವರು ಮರದ ನೆರಳಿನಲ್ಲಿ ಕುಳಿತು ಚಪ್ಪಾಳೆ ತಟ್ಟುವ ಉದ್ಯೋಗಕ್ಕೆ ನೇಮಕವಾಗುತ್ತಾರೆ.

ಇದರಲ್ಲಿ ಶಿಕ್ಷಕರ ಪಕ್ಷಪಾತವೇನೂ ಇಲ್ಲ. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಮೊದಲು ಮೊಳೆತದ್ದೇ ಮಿಕ್ಕವುಗಳಿಗಿಂತ ಮೇಲಾದ ಪೈರು ಎಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ. ಆಟದ ಬಯಲಿನಲ್ಲಿ ಮಾತ್ರ ಈ ಎರಡು ಸಂಗತಿಗಳು ಒಂದರೊಡನೊಂದು ಬೆರೆತುಹೋಗುತ್ತವೆ.

ಈ ಬೆರಕೆ ಬೆಳಕಿಗೆ ಬಂದ ಬಗೆ ಸ್ವಾರಸ್ಯಕರವಾಗಿದೆ. 1980ರ ದಶಕದ ಆರಂಭದಲ್ಲಿ ಕೆನಡಾ ದೇಶದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲೀ ತಮ್ಮ ಪತ್ನಿಯೊಡನೆ ಲೆತ್‌ಬ್ರಿಜ್ ಪಟ್ಟಣದಲ್ಲಿ ಕಿರಿಯರ ಐಸ್ ಹಾಕಿ ಪಂದ್ಯವೊಂದನ್ನು ನೋಡಲು ಹೋಗಿದ್ದರು. ಆಟಗಾರರ ವಿವರಗಳಿದ್ದ ಪುಸ್ತಿಕೆಯನ್ನು ತಿರುವುತ್ತಿದ್ದ ಆಕೆಗೆ ಒಂದು ವಿಚಿತ್ರ ಕಂಡಿತು: ಆಟಗಾರರಲ್ಲಿ ಬಹುಮಂದಿ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹುಟ್ಟಿದವರು! ಬಾರ್ನ್ಸ್‌ಲೀ ಮತ್ತು ಸಂಗಡಿಗರು ವಿಷಯವನ್ನು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದರು. ಕಾರಣ ಗ್ರಹಗತಿಯಲ್ಲ; ಪಂಚಾಂಗವಲ್ಲ, ಕ್ಯಾಲೆಂಡರು. ಅಲ್ಲಿ ವಯಸ್ಸಿನ ಗುಂಪುಗಳನ್ನು ಜನವರಿ 1ರಿಂದ ಎಣಿಸುತ್ತಿದ್ದರು. ಜನವರಿಯ ಮಗುವೂ ಅದೇ ವರ್ಷದ ಡಿಸೆಂಬರಿನ ಮಗುವೂ ಒಂದೇ ಗುಂಪು. ಹತ್ತು ವರ್ಷದ ಬಾಲಕನಿಗೆ ಹನ್ನೊಂದು ತಿಂಗಳೆಂದರೆ ಸಣ್ಣ ಅಂತರವೆ? ಹಿರಿಯನು ಬಲಶಾಲಿಯಾಗಿ ಕಾಣುತ್ತಾನೆ, ಆಯ್ಕೆಯಾಗುತ್ತಾನೆ. ಒಳ್ಳೆಯ ಶಿಕ್ಷಣ, ಹೆಚ್ಚಿನ ಪಂದ್ಯಗಳು ಅವನಿಗೆ ದೊರೆಯುತ್ತವೆ. ಕೆಲವು ವರ್ಷಗಳಲ್ಲಿ ಅವನು ನಿಜವಾಗಿಯೂ ಮೇಲಾಗುತ್ತಾನೆ. ಆಗ ಆಯ್ದವರು, ‘ನೋಡಿದಿರಾ, ನಮ್ಮ ಕಣ್ಣು ತಪ್ಪಲಿಲ್ಲ’ ಎಂದು ಹಿಗ್ಗುತ್ತಾರೆ.

ಇದಕ್ಕೆ ದೇಹದ ಬೆಳವಣಿಗೆಯ ತೊಡಕೂ ಸೇರುತ್ತದೆ. ಸಾಮಾನ್ಯವಾಗಿ ಹುಡುಗಿಯರು ಹನ್ನೆರಡರ ಸುಮಾರಿಗೆ, ಹುಡುಗರು ಹದಿನಾಲ್ಕರ ಸುಮಾರಿಗೆ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆದರೆ ಒಬ್ಬರಿಗೆ ಇದು ಒಂದೆರಡು ವರ್ಷ ಮೊದಲೇ ಬರಬಹುದು, ಇನ್ನೊಬ್ಬರಿಗೆ ಅಷ್ಟೇ ತಡವಾಗಬಹುದು. ಹೀಗಾಗಿ ಒಂದೇ ಬೆಂಚಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರುತ್ತಿದ್ದರೆ ಮತ್ತೊಬ್ಬನ ದನಿಯೂ ಒಡೆದಿರುವುದಿಲ್ಲ. ಇವರಿಬ್ಬರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿಸಿದರೆ ತಿಳಿಯುವುದು ಯಾರು ಮೊದಲು ಬೆಳೆದರೆಂಬುದೇ ಹೊರತು, ಯಾರು ಪ್ರತಿಭಾವಂತರೆಂಬುದಲ್ಲ.

ಅನುಭವಿಗಳ ಕಣ್ಣು ಮೋಸ ಹೋಗುವುದಿಲ್ಲವಷ್ಟೆ ಎಂದು ಕೇಳಬಹುದು. ಅವರೂ ಮೋಸ ಹೋಗುತ್ತಾರೆ. 2017ರಲ್ಲಿ ಪ್ರಕಟವಾದ, ನೆದರ್ಲೆಂಡಿನ ಒಂದು ಅಧ್ಯಯನದಲ್ಲಿ ಪ್ರತಿಭಾನ್ವೇಷಣೆಯೇ ವೃತ್ತಿಯಾಗಿದ್ದವರಿಗೆ ಬಾಲಕರ ಫುಟ್‌ಬಾಲ್ ಆಟವನ್ನು ತೋರಿಸಿದರು. ಜನ್ಮದಿನಾಂಕಗಳ ಪಟ್ಟಿಯನ್ನು ಕೈಗೆ ಕೊಟ್ಟಾಗಲೂ ಅವರು ಹಿರಿಯ ಬಾಲಕರನ್ನೇ ಮೆಚ್ಚಿದರು. ವಯಸ್ಸಿನ ಕ್ರಮದಲ್ಲಿಯೇ ಅಂಗಿಗಳ ಮೇಲೆ ಅಂಕಿ ಬರೆಸಿ, ಅದನ್ನು ತಿಳಿಸಿದಾಗ ಮಾತ್ರ ಆ ಒಲವು ಮಾಯವಾಯಿತು. ವಯಸ್ಸು ಕಾಗದದ ಮೇಲಿದ್ದರೆ ಸಾಲದು, ಆಡುತ್ತಿರುವ ಮಗುವಿನ ಬೆನ್ನಿನ ಮೇಲೆಯೇ ಕಾಣಬೇಕು ಎಂದಾಯಿತು.

ಹಾಗಾದರೆ ನೋಡಬೇಕಾದುದು ಏನನ್ನು? ಇಂಗ್ಲೆಂಡಿನ ರಿಚರ್ಡ್ ಬೇಲಿ ಮತ್ತು ಡೇವಿಡ್ ಮಾರ್ಲಿ ಎಂಬ ವಿದ್ವಾಂಸರು 2006ರಲ್ಲಿ ಶಾಲೆಯ ವ್ಯಾಯಾಮ ಶಿಕ್ಷಣಕ್ಕೆ ಹೊಂದುವ ಒಂದು ವಿಚಾರವನ್ನು ಮಂಡಿಸಿದರು. ದೇಹಶಕ್ತಿ ಐದು ಸಾಮರ್ಥ್ಯಗಳಲ್ಲಿ ಒಂದು ಮಾತ್ರ. ತನ್ನನ್ನು ತಾನು ಹಿಡಿತದಲ್ಲಿಟ್ಟು ಅಭ್ಯಾಸ ಮಾಡುವ ಗುಣ, ಇತರರೊಡನೆ ಕೂಡಿ ಆಡುವ ಗುಣ, ಆಟದ ಮರ್ಮವನ್ನು ಗ್ರಹಿಸುವ ಬುದ್ಧಿ, ಹೊಸದನ್ನು ಹೊಳೆಯಿಸುವ ಕಲ್ಪನೆ ಇವೂ ಪ್ರತಿಭೆಯ ಅಂಗಗಳು. ಕಬಡ್ಡಿಯಲ್ಲಿ ಬಲಿಷ್ಠನನ್ನು ತಪ್ಪಿಸಿಕೊಳ್ಳಲು ಪ್ರತಿ ಸಲವೂ ಹೊಸ ಉಪಾಯ ಹುಡುಕುವ ಪೀಚು ಹುಡುಗ, ನಿನ್ನೆ ಹೇಳಿಕೊಟ್ಟದ್ದನ್ನು ಇಂದು ತಿದ್ದಿಕೊಂಡು ಬರುವ ಹುಡುಗಿ, ಇವರು ಗೆಲ್ಲದಿದ್ದರೂ ಗಮನಿಸಬೇಕಾದವರು.

ಹಾಗೆ ಗಮನಿಸಿದವರ ಕಥೆಗಳು ನಮ್ಮ ದೇಶದಲ್ಲಿಯೂ ಉಂಟು. 1976ರಲ್ಲಿ ಕೇರಳ ಸರ್ಕಾರ ಹುಡುಗಿಯರಿಗಾಗಿ ಕ್ರೀಡಾಶಾಲೆಯನ್ನು ತೆರೆದಾಗ ಪಿ. ಟಿ. ಉಷಾ ಒಬ್ಬ ಕೃಶಾಂಗಿ ಬಾಲಿಕೆ. ಬಹುಮಾನ ವಿತರಣೆಯ ಸಮಾರಂಭವೊಂದರಲ್ಲಿ ಶಿಕ್ಷಕ ಒ. ಎಂ. ನಂಬಿಯಾರರ ಕಣ್ಣನ್ನು ಸೆಳೆದದ್ದು ಆ ಕೃಶ ಶರೀರ ಮತ್ತು ಬಿರುಸಿನ ನಡಿಗೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಆಕೆ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕವನ್ನು ಕಳೆದುಕೊಂಡರು.

ಹರಿಯಾಣದ ಖಾಂದ್ರಾ ಗ್ರಾಮದ ನೀರಜ್ ಚೋಪ್ರಾ ಹುಟ್ಟಿದ್ದು 1997ರ ಡಿಸೆಂಬರ್ 24ರಂದು, ವರ್ಷ ಮುಗಿಯಲು ಒಂದೇ ವಾರವಿದ್ದಾಗ. ಬಾಲಕನಿಗೆ ಸ್ಥೂಲಕಾಯ. ಮೈ ಇಳಿಯಲೆಂದು ಮನೆಯವರು ಪಾಣಿಪತ್ತಿಗೆ ವ್ಯಾಯಾಮಕ್ಕೆ ಕಳುಹಿಸಿದರು. ಅಲ್ಲಿಯ ಶಿವಾಜಿ ಕ್ರೀಡಾಂಗಣದಲ್ಲಿ ಅವನು ಭರ್ಜಿ ಹಿಡಿದಾಗ ಹಿರಿಯ ಆಟಗಾರ ಜೈವೀರ್ ಚೌಧರಿ ಕಂಡದ್ದು ಹೊಟ್ಟೆಯನ್ನಲ್ಲ, ತೋಳಿನ ಬೀಸನ್ನು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಅದೇ ತೋಳು ಭರ್ಜಿಯನ್ನು 87.58 ಮೀಟರು ದೂರಕ್ಕೆ ಎಸೆದು ಚಿನ್ನ ಗೆದ್ದಿತು.

ನೋಡುವ ಕಣ್ಣು ಸಿಕ್ಕದೆ ಹೋದ ಮಕ್ಕಳ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಅವರು ಸದ್ದಿಲ್ಲದೆ ಬಯಲನ್ನು ಬಿಡುತ್ತಾರೆ. ‘ನಮ್ಮ ಮಗುವಿಗೆ ಆಟ ಒಗ್ಗದು’ ಎಂದು ಮನೆಯಲ್ಲಿಯೂ ತೀರ್ಮಾನವಾಗುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ ನೀಡಿದ ತೀರ್ಪಿನ ಮೇಲೆ ಅಪೀಲು ಮಾಡಲು ಮಗುವಿಗೆ ಯಾವ ನ್ಯಾಯಾಲಯವೂ ಇಲ್ಲ.

ಇದಕ್ಕೆ ಉಪಾಯ ದುಬಾರಿಯದಲ್ಲ. ಒಂದು ದಿನದ ಓಟದಿಂದ ತೀರ್ಮಾನಿಸದೆ, ಮಗು ಕಳೆದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿದೆ ಎಂದು ಶಿಕ್ಷಕರು ಒಂದು ನೋಟ್‌ಪುಸ್ತಕದಲ್ಲಿ ಗುರುತು ಹಾಕಬಹುದು. ಹಾಜರಿ ಪುಸ್ತಕದಲ್ಲಿ ಹೇಗೂ ಇರುವ ಜನ್ಮದಿನವನ್ನು ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಬಹುದು. ತಾಯಿತಂದೆಯರು ‘ಎಷ್ಟನೆಯವನಾಗಿ ಬಂದೆ?’ ಎನ್ನುವುದಕ್ಕೆ ಬದಲಾಗಿ ‘ಇವತ್ತು ಏನು ಕಲಿತೆ?’ ಎಂದು ಕೇಳಬಹುದು.

ಮತ್ತೊಮ್ಮೆ ಸೀಟಿ ಊದಿದಾಗ, ಸಾಲಿನ ಮೊದಲಲ್ಲಿ ನಿಂತವನನ್ನು ನೋಡಿದ ಕಣ್ಣು ಒಂದು ಗಳಿಗೆ ಕೊನೆಯಲ್ಲಿ ನಿಂತವನ ಕಡೆಗೂ ಹರಿಯಲಿ. ಅವನು ಇನ್ನೂ ಬೆಳೆಯಬೇಕಾಗಿದೆ, ಅಷ್ಟೆ.