ಜನನ ಪ್ರಮಾಣಪತ್ರ: ಸೇಲಂ, ಧರ್ಮಪುರಿ ಕಲಿಸುವ ಪಾಠ

ಪಾಸ್‌ಪೋರ್ಟ್ ಮಾಡಿಸುವಾಗ, ಮಗುವನ್ನು ಶಾಲೆಗೆ ಸೇರಿಸುವಾಗ ಮಾತ್ರ ಜನನ ಪ್ರಮಾಣಪತ್ರದ ನೆನಪಾಗುವುದು. ಆದರೆ ಈ ಕಾಗದದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ತಮಿಳುನಾಡಿನ ಸೇಲಂ, ಧರ್ಮಪುರಿಗಳಲ್ಲಂತೂ ಅದು ಜೀವದ ಪ್ರಶ್ನೆಯೂ ಆಗಿತ್ತು.

1886ರಲ್ಲಿ ಬ್ರಿಟಿಷ್ ಸರಕಾರ ಜನನ, ಮರಣ ಮತ್ತು ವಿವಾಹ ನೋಂದಣಿ ಕಾಯ್ದೆ ತಂದಿತು. ನೋಂದಣಿ ಮಾಡಿಸುವುದು ಬಿಡುವುದು ಜನರ ಇಷ್ಟ. 1899ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಪ್ರತ್ಯೇಕ ಕಾಯ್ದೆ ಬಂತು. ಆಗ ಸೇಲಂನಂತೆ ಮಂಗಳೂರು, ಕಾಸರಗೋಡುಗಳಿದ್ದ ದಕ್ಷಿಣ ಕೆನರಾ ಕೂಡ ಮದ್ರಾಸಿಗೇ ಸೇರಿತ್ತು. ಅಂದರೆ ಬ್ಯಾರಿ ಅಜ್ಜಂದಿರಿಗೂ ಸೇಲಂನ ರೈತರಿಗೂ ಒಂದೇ ಕಾಯ್ದೆ. ಧರ್ಮಪುರಿ ಸೇಲಂನಿಂದ ಬೇರೆಯಾದದ್ದು 1965ರಲ್ಲಿ. ಅದಕ್ಕಿಂತ ಮುಂಚಿನ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಸೇಲಂ ಎಂದೇ ಇರುತ್ತದೆ.

ಇಡೀ ದೇಶಕ್ಕೆ ಒಂದೇ ಕಡ್ಡಾಯ ಕಾನೂನು ಬಂದದ್ದು 1969ರಲ್ಲಿ. ಆದರೂ ಹಳ್ಳಿಗಳಲ್ಲಿ, ಮನೆಯಲ್ಲೇ ಆದ ಹೆರಿಗೆಗಳು ಎಷ್ಟೋ ಸಲ ಪುಸ್ತಕಕ್ಕೆ ಏರುತ್ತಲೇ ಇರಲಿಲ್ಲ. ಇದರ ಘೋರ ಮುಖ ಕಂಡದ್ದು ಸೇಲಂ, ಧರ್ಮಪುರಿ ಭಾಗದ ಹೆಣ್ಣು ಶಿಶುಹತ್ಯೆಯಲ್ಲಿ. ಮಗು ಹುಟ್ಟಿದ್ದನ್ನೇ ಬರೆದಿಲ್ಲ ಎಂದಮೇಲೆ ಸತ್ತದ್ದನ್ನು ಕೇಳುವವರು ಯಾರು? 1992ರಲ್ಲಿ ಜಯಲಲಿತಾ ಸರಕಾರ ಸೇಲಂನಲ್ಲಿ ‘ತೊಟ್ಟಿಲು ಮಗು’ ಯೋಜನೆ ಆರಂಭಿಸಿತು. ಸಾಕಲು ಮನಸ್ಸಿಲ್ಲದವರು ಮಗುವನ್ನು ಕೊಲ್ಲದೆ ಸರಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಬಹುದಿತ್ತು. 2001ರಲ್ಲಿ ಇದು ಧರ್ಮಪುರಿಗೂ ವಿಸ್ತರಿಸಿತು. ಹುಟ್ಟಿದ ಪ್ರತಿ ಮಗುವಿನ ಲೆಕ್ಕ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ಈಗಿನ ನಿಯಮ ಸರಳ. 21 ದಿನದೊಳಗೆ ಮಾಹಿತಿ ಕೊಟ್ಟರೆ ನೋಂದಣಿ ಉಚಿತ. 30 ದಿನದೊಳಗಾದರೆ ತಡ ಶುಲ್ಕ. ಅದು ದಾಟಿದರೆ ಅಧಿಕಾರಿಯ ಅನುಮತಿ ಬೇಕು. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕೊಡುವುದು ಆಸ್ಪತ್ರೆಯ ಜವಾಬ್ದಾರಿ, ಮನೆಯಲ್ಲಾದರೆ ಮನೆ ಯಜಮಾನರದ್ದು. ಹೆಸರಿಡಲು ಅಕೀಕಾ ತನಕ ಕಾಯುವವರು ನೋಂದಣಿಗೆ ಕಾಯಬೇಕಾಗಿಲ್ಲ. ಹೆಸರನ್ನು ಆಮೇಲೆ ಸೇರಿಸಬಹುದು. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ವ್ಯಾಪಾರಕ್ಕೆಂದು ಸೇಲಂನಲ್ಲಿ ನೆಲೆಸಿದವರ ಮಗು ಅಲ್ಲಿ ಹುಟ್ಟಿದರೆ ಮಂಗಳೂರಲ್ಲಿ ಪ್ರಮಾಣಪತ್ರ ಸಿಗಲ್ಲ.

2023ರ ತಿದ್ದುಪಡಿ ಇನ್ನೂ ಮುಖ್ಯ. ಆ ವರ್ಷದ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಸರಕಾರಿ ಕೆಲಸ ಮುಂತಾದವಕ್ಕೆ ಹುಟ್ಟಿದ ದಿನ, ಊರಿನ ಪುರಾವೆ ಜನನ ಪ್ರಮಾಣಪತ್ರವೇ.

ಮನೆಯಲ್ಲಿ ಮಗು ಹುಟ್ಟಿದರೆ ಓದು ಬಲ್ಲ ಯುವಕ ಯುವತಿಯರೇ ಮುಂದೆ ನಿಂತು ಈ ಕೆಲಸ ಮುಗಿಸಲಿ. ತಂದೆ, ತಾಯಿಯ ಹೆಸರಿನ ಅಕ್ಷರಗಳು ಅವರ ಬೇರೆ ದಾಖಲೆಗಳಿಗೆ ಹೊಂದುತ್ತವೆಯೇ ಎಂದು ಸಹಿ ಹಾಕುವ ಮುಂಚೆಯೇ ನೋಡಿಕೊಳ್ಳಿ.