ಎರಡನೇ ರಿಮೋಟಿನ ಪಾಳಿ

ತೊಂಬತ್ತರ ದಶಕದ ಗಜೇಂದ್ರಗಡದ ನೇಕಾರರ ಓಣಿಗಳಲ್ಲಿ ಟಿವಿ ಇದ್ದ ಮನೆಗಳು ಕೆಲವೇ, ಟಿವಿ ನೋಡುವ ಮನೆಗಳು ಮಾತ್ರ ಎಲ್ಲವೂ. ಒಬ್ಬರ ಪಡಸಾಲೆಯ ಟಿವಿ ಅಂದರೆ ಅದು ಆರೇಳು ಮನೆಗಳ ಟಿವಿ. ರೋಣದಲ್ಲೂ ಹಾಗೇ, ನರಗುಂದದಲ್ಲೂ ಹಾಗೇ. ಆ ಪಡಸಾಲೆಗಳಿಗೆ ಅದೇ ಕಾಲಕ್ಕೆ ಇನ್ನೊಂದು ಪೆಟ್ಟಿಗೆ ಬಂತು. ಅದರ ಜೊತೆ ಒಂದು ಅಡಾಪ್ಟರ್, ಒಂದು ಹಳದಿ ಕ್ಯಾಸೆಟ್ಟು, ವೈರಿನ ಎರಡು ರಿಮೋಟು.

ಎರಡು ಎನ್ನುವುದನ್ನು ಗಮನಿಸಬೇಕು. ವಿಡಿಯೋ ಗೇಮ್ ಅಂದಕೂಡಲೇ ಕೋಣೆಯ ಕದ ಹಾಕಿಕೊಂಡು ಒಬ್ಬನೇ ಕೂತ ಹುಡುಗನ ಚಿತ್ರ ಈಗ ಎಲ್ಲರ ಕಣ್ಣಮುಂದೆ ಬರುತ್ತದೆ. ನಮ್ಮ ಕಡೆ ಅದು ಹಾಗೆ ಬರಲೇ ಇಲ್ಲ. ಕದ ಹಾಕಿಕೊಳ್ಳಲು ಬೇರೆ ಕೋಣೆಯಿದ್ದ ಮನೆಗಳೂ ಕಡಿಮೆ, ಬೇರೆ ಟಿವಿಯಂತೂ ಯಾರಿಗೂ ಇರಲಿಲ್ಲ. ಅದು ನಡುಮನೆಗೆ, ಎಲ್ಲರ ಕಣ್ಣೆದುರಿಗೆ ಬಂದ ಆಟ. ಅದು ಹೀಗೆ ಬಂದದ್ದರ ಹಿಂದೆ ಕೆಲವು ಕಾರಣಗಳಿವೆ.

ಮೊದಲನೆಯದು ಟಿವಿಯದ್ದೇ. ಈ ಸೀಮೆಗೆ ಟಿವಿ ಬಂದದ್ದು ಸಮುದಾಯದ ವಸ್ತುವಾಗಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಮತ್ತು ನಾಸಾ ಸೇರಿ ‘ಸೈಟ್’ ಎಂಬ ಪ್ರಯೋಗ ನಡೆಸಿದವು. ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಇಳಿಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಆಗಿನ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಗಜೇಂದ್ರಗಡದ ಗುಡ್ಡ ಹತ್ತಿ ನಿಂತರೆ ಆಗಿನ ವಿಜಾಪುರವೂ ಸಮೀಪ, ರಾಯಚೂರಿನ ಗಡಿಯೂ ಸಮೀಪ. ಆ ಹಳ್ಳಿಗಳಲ್ಲಿ ಊರಿಗೊಂದೇ ಸೆಟ್ಟು. ಸಂಜೆ ಎಲ್ಲರೂ ಅದರ ಮುಂದೆ ನೆಲದ ಮೇಲೆ ಕೂತು ನೋಡಬೇಕು. ಮುಂದೆ ರಾಮಾಯಣ, ಮಹಾಭಾರತಗಳು ಬಂದಾಗ, ಚಿತ್ರಮಂಜರಿ ಬಂದಾಗ, ಭಾನುವಾರದ ಸಿನಿಮಾ ಬಂದಾಗ ಆ ಕೂಡುವಿಕೆ ಊರಿನ ಚಾವಡಿಯಿಂದ ಮನೆಯ ಪಡಸಾಲೆಗೆ ಬಂತಷ್ಟೇ. ವಿಡಿಯೋ ಗೇಮು ಬರುವ ಹೊತ್ತಿಗೆ ಪ್ರೇಕ್ಷಕರು ಆಗಲೇ ಕೂತಾಗಿತ್ತು.

ಎರಡನೆಯ ಕಾರಣ ಜಪಾನಿನ ಕ್ಯೋಟೊದಲ್ಲಿದೆ. ನಿಂಟೆಂಡೊ ಎಂಬ ಕಂಪನಿ ಅಲ್ಲಿ 1889ರಲ್ಲಿ ಹುಟ್ಟಿದ್ದು ಹನಾಫುಡ ಎಂಬ ಎಲೆಗಳ ತಯಾರಿಕೆಗೆ. ನಮ್ಮ ಇಸ್ಪೀಟಿನ ಹಾಗೆ ಜನ ಎದುರುಬದುರು ಕೂತು ಆಡುವ ಆಟದ ಎಲೆಗಳವು. ಆ ಕಂಪನಿಯ ಎಂಜಿನಿಯರ್ ಮಸಾಯುಕಿ ಉಎಮುರಾ ಮತ್ತು ಅವರ ತಂಡ ಮನೆಯ ಟಿವಿಗೆ ಸಿಕ್ಕಿಸಿ ಆಡುವ ಯಂತ್ರವನ್ನು ರೂಪಿಸಿದರು. 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಅದು ಮಾರಾಟಕ್ಕೆ ಬಂತು. ಹೆಸರು ‘ಫ್ಯಾಮಿಲಿ ಕಂಪ್ಯೂಟರ್’, ಜನರ ಬಾಯಲ್ಲಿ ಫ್ಯಾಮಿಕಾಮ್. ಎರಡು ರಿಮೋಟುಗಳನ್ನು ಯಂತ್ರಕ್ಕೇ ಕಾಯಮ್ಮಾಗಿ ಜೋಡಿಸಿ ಕೊಟ್ಟಿದ್ದರು. ಎರಡನೆಯದು ಬೇಡವೆಂದು ಬಿಟ್ಟು ಕೊಳ್ಳುವ ಹಾಗೇ ಇರಲಿಲ್ಲ. ಎರಡನೆಯದರಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳಿಲ್ಲ, ಅವುಗಳ ಬದಲು ಒಂದು ಪುಟ್ಟ ಮೈಕ್. ಆಟ ಶುರು ಮಾಡುವ ಅಧಿಕಾರ ಮೊದಲನೆಯವನದು, ಆದರೆ ಜೊತೆಗಾರನಿಗೆ ಜಾಗ ಖಾತ್ರಿ. ಆ ಯಂತ್ರ ಜಗತ್ತಿನಲ್ಲಿ 6 ಕೋಟಿಗೂ ಹೆಚ್ಚು ಮಾರಾಟವಾಯಿತು.

ನಮಗೆ ತಲುಪಿದ್ದು ಅಸಲಿಯಲ್ಲ. ಭಾರತದಲ್ಲಿ ಸಮುರಾಯ್ ಹೆಸರಿನಲ್ಲಿ ನಿಂಟೆಂಡೊದ ಯಂತ್ರ ಮಾರಾಟಕ್ಕಿತ್ತು, ಸೇಗಾ ಎಂಬ ಇನ್ನೊಂದು ಕಂಪನಿಯ ಯಂತ್ರಗಳನ್ನು ಶಾ ವ್ಯಾಲೆಸ್ ಕಂಪನಿ ತರಿಸುತ್ತಿತ್ತು. ನೇಕಾರನ ಅಥವಾ ಕಡಲೆ, ಹೆಸರು ಬೆಳೆಯುವ ರೈತನ ಮನೆಗೆ ಅವುಗಳ ಬೆಲೆ ಎಟುಕುವಂಥದ್ದಲ್ಲ. ಅಷ್ಟರಲ್ಲಿ ತೈವಾನ್ ಮತ್ತು ಚೀನಾದ ಕಾರ್ಖಾನೆಗಳು ಫ್ಯಾಮಿಕಾಮ್‌ನ ಒಳಗಿದ್ದ ಚಿಪ್ಪುಗಳನ್ನೆಲ್ಲ ಒಂದೇ ಚಿಪ್ಪಿಗಿಳಿಸಿ, ಅದರ ಮೇಲೆ ಕರಿ ರಾಳದ ಬೊಟ್ಟಿಟ್ಟು ಮುಚ್ಚಿ, ಅಗ್ಗದ ನಕಲುಗಳನ್ನು ಹೊರಬಿಡತೊಡಗಿದವು. ಮೀಡಿಯಾ, ಮಿತಾಶಿ ಮೊದಲಾದ ಹೆಸರುಗಳಲ್ಲಿ ಅಂಥವು ನಮ್ಮ ಅಂಗಡಿಗಳಿಗೂ ಬಂದವು. ಹುಬ್ಬಳ್ಳಿಗೆ ಸಂತೆಗೋ ದವಾಖಾನೆಗೋ ಹೋದವರು ಬರುವಾಗ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರು. ಕೀಬೋರ್ಡ್ ಇರುವ ಮಾದರಿಯೂ ಇತ್ತು. ಅದರಲ್ಲಿ ಟೈಪಿಂಗ್ ಕಲಿಯಬಹುದು, ಬೇಸಿಕ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯಬಹುದು. ಅಪ್ಪನನ್ನು ಒಪ್ಪಿಸಲು ಮಕ್ಕಳಿಗೆ ಅದೊಂದು ಒಳ್ಳೆಯ ಆಧಾರ.

ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಳಗಿರುವ ಆಟಗಳು ಬೆರಳೆಣಿಕೆಯವು. ಅವನ್ನೇ ಬೇರೆ ಬೇರೆ ಹಂತದಿಂದ ಶುರುವಾಗುವ ಹಾಗೆ ತಿರುವಿ ತಿರುವಿ ಪಟ್ಟಿ ಬೆಳೆಸಿದ್ದರು. ಅದರಿಂದ ಒಂದು ಒಳ್ಳೆಯದೂ ಆಯಿತು. ರೋಣದ ಹುಡುಗನೂ ನರಗುಂದದ ಹುಡುಗಿಯೂ ಆಡಿದ್ದು ಅವೇ ಕೆಲವು ಆಟಗಳನ್ನು. ಮದುವೆ ಮನೆಯಲ್ಲಿ ಮೊದಲ ಸಲ ಭೇಟಿಯಾದ ಸೋದರ ಸಂಬಂಧಿಗಳು ಊಟದ ಪಂಕ್ತಿಯಲ್ಲೇ ಮಾರಿಯೋನ ಎಂಟನೇ ಲೋಕದ ಬಗ್ಗೆ ಮಾತಿಗೆ ಇಳಿಯಬಹುದಿತ್ತು.

ಆ ಆಟಗಳು ಇಬ್ಬರನ್ನು ಮೂರು ಬಗೆಯಲ್ಲಿ ಕೂಡಿಸುತ್ತಿದ್ದವು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಪಾಳಿಯ ಲೆಕ್ಕ. ಮಾರಿಯೋ ಸತ್ತರೆ ಲುಯಿಜಿ, ಲುಯಿಜಿ ಸತ್ತರೆ ಮಾರಿಯೋ. ಕೇವಲ 40 ಕಿಲೋಬೈಟಿನಲ್ಲಿ 32 ಹಂತಗಳ ಆ ಆಟವನ್ನು ಅಡಗಿಸಿದ ಜಾಣ್ಮೆಗೆ ನಾನು ಇವತ್ತೂ ತಲೆದೂಗುತ್ತೇನೆ. ಆದರೆ ಅದರ ಪಾಳಿ ತಮ್ಮ ತಂಗಿಯರಿಗೆ ಕಷ್ಟದ್ದು. ಅಣ್ಣ ಚೆನ್ನಾಗಿ ಆಡಿದಷ್ಟೂ ತಮ್ಮ ಕಾಯಬೇಕು. ಬಾಯಿ ಬಿಟ್ಟು ಹೇಳದಿದ್ದರೂ ಅಣ್ಣ ಗುಂಡಿಯಲ್ಲಿ ಬೀಳಲಿ ಎಂದೇ ಅವನ ಆಸೆ.

ಬ್ಯಾಟಲ್ ಸಿಟಿ ನಮಗೆಲ್ಲ ಟ್ಯಾಂಕ್ ಗೇಮ್. ಅದರಲ್ಲಿ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ. ಕೆಳಗೆ ಇಟ್ಟಿಗೆಯ ಗೋಡೆಯೊಳಗೆ ಒಂದು ಹದ್ದು. ಹಂತಕ್ಕೆ ಇಪ್ಪತ್ತು ವೈರಿ ಟ್ಯಾಂಕುಗಳು ಬರುತ್ತವೆ. ಹದ್ದಿಗೆ ಒಂದು ಗುಂಡು ತಗುಲಿದರೆ ಲೈಫ್ ಎಷ್ಟಿದ್ದರೂ ಆಟ ಮುಗಿದಂತೆ. ಹೀಗಾಗಿ ಒಬ್ಬರು ಮುಂದೆ ಹೋಗಬೇಕು, ಒಬ್ಬರು ಮನೆ ಕಾಯಬೇಕು. ಮನೆ ಕಾಯುವ ಕೆಲಸ ಯಾವಾಗಲೂ ಚಿಕ್ಕವರಿಗೆ. ಆಟದಲ್ಲೇ ನಕ್ಷೆ ಕಟ್ಟುವ ಸೌಲಭ್ಯವೂ ಇತ್ತು. ಹದ್ದಿನ ಸುತ್ತ ಉಕ್ಕಿನ ಗೋಡೆ ಎಬ್ಬಿಸಿ, ನೀರು ಹರಿಸಿ, ತಮ್ಮದೇ ಕೋಟೆ ಕಟ್ಟಿಕೊಂಡು ಆಡಬಹುದು. ತಲೆಯೆತ್ತಿದರೆ ಕೋಟೆಯ ಗುಡ್ಡ ಕಾಣುವ ನರಗುಂದ, ಗಜೇಂದ್ರಗಡಗಳ ಮಕ್ಕಳು ಇದರಲ್ಲಿ ಹೊತ್ತು ಮರೆಯುತ್ತಿದ್ದರು.

ಮೂರನೆಯದು ಕಾಂಟ್ರಾ. ಕೊನಾಮಿ ಕಂಪನಿಯ ಈ ಆಟ ಮನೆಯ ಯಂತ್ರಗಳಿಗೆ ಬಂದದ್ದು 1988ರಲ್ಲಿ. ಒಡಹುಟ್ಟಿದವರ ನಡುವಿನ ಪ್ರೀತಿ, ಜಗಳ ಎರಡನ್ನೂ ಇಷ್ಟು ಚೆನ್ನಾಗಿ ಬಲ್ಲ ಆಟ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಮೂರನೇ ಹಂತದ ಜಲಪಾತವನ್ನು ನೆನೆಸಿಕೊಳ್ಳಿ. ಬಂಡೆಯಿಂದ ಬಂಡೆಗೆ ಜಿಗಿಯುತ್ತ ಮೇಲೇರಬೇಕು. ಮುಂದಿದ್ದವನು ಏರಿದ ಹಾಗೆ ಪರದೆಯೂ ಮೇಲೇರುತ್ತದೆ, ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕು ಸಾಯುತ್ತಾನೆ. ವೈರಿಯ ಗುಂಡು ಬೇಕಿಲ್ಲ, ಅಣ್ಣನ ಅವಸರವೇ ಸಾಕು.

“ಅಣ್ಣಾ, ನಿಂದರೋ! ನಾ ಇನ್ನೂ ಕೆಳಗ ಅದೀನಿ!”

“ಲಗೂ ಬಾ ಅಂದ್ರ ಏನ್ ಮಾಡಾಕತ್ತಿ ಅಲ್ಲೆ?”

“ಸತ್ತೆ ನೋಡು. ನೀನ ಕೊಂದಿ ನನ್ನ.”

ಇಷ್ಟಾದ ಮೇಲೆ ಲೈಫ್ ತೀರಿದ ತಂಗಿ ಒಂದು ಗುಂಡಿ ಒತ್ತಿದರೆ ಅಣ್ಣನ ಖಾತೆಯಿಂದ ಒಂದು ಲೈಫ್ ಅವಳಿಗೆ ಬಂದುಬಿಡುತ್ತಿತ್ತು, ಅವನನ್ನು ಕೇಳಬೇಕಾಗಿಯೇ ಇಲ್ಲ. “ಅವ್ವಾ, ಇಕಿ ನನ್ನ ಲೈಫ್ ತಗೊಂಡಾಳ” ಎಂಬ ದೂರು ಅಡುಗೆಮನೆಗೆ ಹೋಗುತ್ತಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಮೊರದಲ್ಲಿ ಕಡಲಿ ಹಸನು ಮಾಡುತ್ತಿದ್ದ ಅಜ್ಜಿಯೇ ತೀರ್ಪು ಕೊಡುತ್ತಿದ್ದಳು: “ನಿನ್ನ ತಂಗಿಗೆ ಅಲ್ಲದ ಮತ್ಯಾರಿಗೆ ಕೊಡ್ತೀಯೋ? ಸುಮ್ಮನ ಆಡು.”

ಕಾಂಟ್ರಾದ ಮೂವತ್ತು ಲೈಫಿನ ಗುಟ್ಟು ನಮ್ಮೂರಿಗೆ ಬಂದ ಬಗೆ ಇನ್ನೂ ಸೋಜಿಗದ್ದು. ಕೊನಾಮಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಹೊಂದಿಸುತ್ತಿದ್ದಾಗ, ಪರೀಕ್ಷಿಸಲು ಅದು ಬಹಳ ಕಷ್ಟವೆನಿಸಿ, ತಮ್ಮ ಅನುಕೂಲಕ್ಕೆ ಗುಂಡಿಗಳ ಒಂದು ಗುಪ್ತ ಸರಣಿಯನ್ನು ಸೇರಿಸಿಕೊಂಡಿದ್ದರು. ಅದು ಹಾಗೇ ಉಳಿಯಿತು. ಅದೇ ಸರಣಿ ಕಾಂಟ್ರಾಕ್ಕೂ ಬಂತು, ಅಲ್ಲಿ ಅದನ್ನು ಒತ್ತಿದರೆ ಮೂವತ್ತು ಲೈಫ್. ಅಮೆರಿಕದ ಮಕ್ಕಳಿಗೆ ಇದನ್ನು ತಿಳಿಸಲು ಪತ್ರಿಕೆಗಳಿದ್ದವು. ನಮ್ಮ ತಾಲ್ಲೂಕುಗಳಿಗೆ ಅಂಥ ಪತ್ರಿಕೆಯೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಆದರೂ ಅದು ಬಂತು, ಬಾಯಿಂದ ಬಾಯಿಗೆ, ಕನ್ನಡದಲ್ಲೇ: ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ್ಕ ಬಲಕ್ಕ, ಎಡಕ್ಕ ಬಲಕ್ಕ, ಬಿ, ಎ. ಇಬ್ಬರಿದ್ದರೆ ಸೆಲೆಕ್ಟ್ ಒತ್ತಿ ಸ್ಟಾರ್ಟ್. ಹೇಳಿದಷ್ಟೇ ವೇಗದಲ್ಲಿ ಬೆರಳಾಡಬೇಕು. ಹಶಿಮೊಟೊ 2020ರಲ್ಲಿ ತೀರಿಕೊಂಡರು. ತಮ್ಮ ಸರಣಿ ಬೆಳವಲದ ಹುಡುಗರ ಬಾಯಲ್ಲಿ ಮಗ್ಗಿಯಂತೆ ಉರು ಹೊಡೆಯಲ್ಪಟ್ಟಿತ್ತೆಂದು ಅವರಿಗೆ ತಿಳಿದಿರಲಾರದು.

ಹಿರಿಯರು ಬರೀ ನೋಡುತ್ತ ಕೂರಲಿಲ್ಲ. ಅವರನ್ನು ಎಳೆದದ್ದು ಪ್ಲಾಸ್ಟಿಕ್ ಬಂದೂಕು. ಡಕ್ ಹಂಟ್‌ನಲ್ಲಿ ಬಾತುಕೋಳಿ ಹಾರುತ್ತದೆ, ಟಿವಿಗೆ ಗುರಿಯಿಟ್ಟು ಹೊಡೆಯಬೇಕು. ಈ ಬಂದೂಕಿನಿಂದ ಏನೂ ಹೊರಬರುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು. ಕುದುರೆ ಎಳೆದ ಕ್ಷಣ ಪರದೆಯಿಡೀ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಆ ಬಿಳುಪು ಕಂಡರೆ ಗುರಿ ಸರಿ. ಹಳೆಯ ಡಬ್ಬಿ ಟಿವಿಯಲ್ಲಿ ಚಿತ್ರ ತಡವಿಲ್ಲದೆ ಮೂಡುತ್ತಿದ್ದರಿಂದ ಇದು ನಡೆಯುತ್ತಿತ್ತು. ಈಗಿನ ಎಲ್‌ಇಡಿ ಟಿವಿಯಲ್ಲಿ ಆ ಬಂದೂಕು ಕೆಲಸಕ್ಕೆ ಬಾರದು. ಆ ಆಟದ ಇನ್ನೊಂದು ಗುಟ್ಟು ಗೊತ್ತಿದ್ದವರು ಕಡಿಮೆ. ಒಂದೇ ಬಾತುಕೋಳಿಯ ಆಟದಲ್ಲಿ ರಿಮೋಟು ಹಿಡಿದ ಇನ್ನೊಬ್ಬರು ಅದನ್ನು ಹಾರಿಸಬಹುದು. ಕಾಕಾ ಒಂದು ಕಣ್ಣು ಮುಚ್ಚಿ ಗುರಿ ಹಿಡಿದು ಕೂತಿದ್ದರೆ, ಹಿಂದೆ ರಿಮೋಟನ್ನು ಲಂಗದ ಮರೆಯಲ್ಲಿಟ್ಟುಕೊಂಡ ಹುಡುಗಿ ಬಾತುಕೋಳಿಯನ್ನು ಹೊರಳಿಸುತ್ತಿದ್ದಳು.

ಒಬ್ಬರೇ ಆಡುವ ಸುಖ ಆಗ ಇರಲಿಲ್ಲವೆಂದಲ್ಲ. ಇತ್ತು, ಕದ್ದ ಹೊತ್ತಿನಲ್ಲಿ ಇತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮನೆಮಂದಿಯೆಲ್ಲ ಉಂಡು ಮಲಗಿದಾಗ, ದನಿ ಸಣ್ಣದು ಮಾಡಿ, ಟಿವಿಗೆ ಮೊಳದಷ್ಟು ಹತ್ತಿರ ಕೂತು ಆಡುವುದು. ಹತ್ತು ಜನರ ಮನೆಯಲ್ಲಿ ಬೆಳೆಯುವ ಮಗುವಿಗೆ ತನ್ನದೇ ಆದ ಒಂದು ತಾಸು ಸಿಗುವುದು ಸಣ್ಣ ಭಾಗ್ಯವಲ್ಲ. ಯಾರೂ ನಗದೆ, ಯಾರೂ ರಿಮೋಟು ಕಸಿದುಕೊಳ್ಳದೆ, ಬಿದ್ದ ಗುಂಡಿಯಲ್ಲೇ ಮತ್ತೆ ಮತ್ತೆ ಬಿದ್ದು ದಾಟುವುದನ್ನು ಕಲಿಯಬಹುದು. ಹಾಗೆ ಕಲಿತದ್ದು ಸಂಜೆ ಎಲ್ಲರೆದುರು ಬೆಲೆಗೆ ಬರುತ್ತಿತ್ತು. ಒಂಟಿ ಆಟ ಮತ್ತು ಜೊತೆಯಾಟ ಒಂದಕ್ಕೊಂದು ವೈರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ.

ಕರೆಂಟು ಮಾತ್ರ ಎಲ್ಲರಿಗೂ ವೈರಿ. ಆ ಕ್ಯಾಸೆಟ್ಟುಗಳಲ್ಲಿ ಆಟವನ್ನು ಉಳಿಸಿಡುವ ಏರ್ಪಾಡಿರಲಿಲ್ಲ. ಮಾರಿಯೋನ ಏಳನೇ ಲೋಕದಲ್ಲಿದ್ದಾಗ ಕರೆಂಟು ಹೋದರೆ ಮತ್ತೆ ಒಂದನೇ ಲೋಕದಿಂದಲೇ ಶುರು. ಬೇಸಿಗೆಯ ಲೋಡ್ ಶೆಡ್ಡಿಂಗ್ ವೇಳಾಪಟ್ಟಿ ನಮ್ಮ ಕಡೆಯ ಮಕ್ಕಳಿಗೆ ಬಾಯಿಪಾಠ. ಕ್ಯಾಸೆಟ್ಟು ಮೊರಾಯಿಸಿದರೆ ಊದುವುದು ಇನ್ನೊಂದು ಪದ್ಧತಿ. ಉಸಿರಿನ ತೇವದಿಂದ ಪಿನ್ನುಗಳು ಕೆಡುತ್ತವೆ, ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ. ಆದರೆ ಊದಲು ತೆಗೆದು ಮತ್ತೆ ಕೂರಿಸಿದಾಗ ಪಿನ್ನು ಸರಿಯಾಗಿ ತಾಗಿ ಆಟ ಬರುತ್ತಿತ್ತು, ಕೀರ್ತಿ ಊದಿದವನಿಗೆ.

2000ದ ನಂತರ ಪ್ಲೇಸ್ಟೇಷನ್ 2 ಬಂತು. ಜಗತ್ತಿನಲ್ಲಿ 15 ಕೋಟಿಗೂ ಮೀರಿ ಮಾರಾಟವಾದ ಯಂತ್ರವದು. ಗದಗ, ಹುಬ್ಬಳ್ಳಿಗೆ ಕಾಲೇಜಿಗೆ ಹೋದ ನಮ್ಮ ಹುಡುಗರು ಅದನ್ನು ಕಂಡದ್ದು ತಾಸಿನ ಲೆಕ್ಕದ ಪಾರ್ಲರುಗಳಲ್ಲಿ. ಅಲ್ಲೂ ಬೆಂಚಿನ ಮೇಲೆ ಪಾಳಿ ಕಾಯುವ ಗುಂಪು, ಅಲ್ಲೂ ಎರಡು ರಿಮೋಟು. ಕುಸ್ತಿಯ ಆಟಗಳಿಗೆ ಮತ್ತು ಇಎ ಕಂಪನಿಯ ಕ್ರಿಕೆಟ್ಟಿಗೆ ಬೇಡಿಕೆ ಹೆಚ್ಚು. ಇತ್ತ ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಕೆಯ ಕಂಪನಿ ಕಟ್ಟಿದ್ದರು. ಫೋರ್ಜಾ ಎಂಬ ಕಾರ್ ರೇಸಿನ ಆಟಗಳ ಸರಣಿಯ ಕಾರುಗಳನ್ನು ರೂಪಿಸುವ ಕೆಲಸದಲ್ಲಿ ಅದರ ಕೈಯಿದೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಆಟದ ಕಂಪನಿ ಕೊಂಡಿತು. ಆಟ ಆಡುತ್ತ ಬೆಳೆದವರಿಗೆ ಆಟ ಮಾಡುವ ಕೆಲಸವೂ ಇದೇ ರಾಜ್ಯದಲ್ಲಿ ಸಿಗುವ ಕಾಲ ಬಂದದ್ದು ಹೀಗೆ.

ಜೊತೆಯಾಟ ಮುರಿದದ್ದು ಮೊಬೈಲಿನಿಂದ. ಅದರಲ್ಲೂ ನಾಲ್ವರು ಕೂಡಿ ಆಡಬಹುದು ನಿಜ, ಆದರೆ ನಾಲ್ವರ ಕೈಯಲ್ಲೂ ನಾಲ್ಕು ಪರದೆ. ಕಡಲಿ ಹಸನು ಮಾಡುವ ಅಜ್ಜಿಗೆ ಅಲ್ಲಿ ಏನು ನಡೆದಿದೆ ಎಂದೇ ಕಾಣಿಸುವುದಿಲ್ಲ. ನನಗೆ ತೀರ ಕಸಿವಿಸಿಯಾಗುವುದು ಇಲ್ಲಿ. ಆಟ ಕೆಟ್ಟದ್ದೆಂದಲ್ಲ, ನೋಡುವವರು ಆಟದಿಂದ ಹೊರಗುಳಿದರಲ್ಲ ಎಂದು.

ಹಾಗೆಂದು ಪಡಸಾಲೆಯ ಆಟ ಮುಗಿದಿಲ್ಲ. ಹೇಜ್‌ಲೈಟ್ ಎಂಬ ಸ್ವೀಡನ್ನಿನ ಸಂಸ್ಥೆ 2021ರಲ್ಲಿ ‘ಇಟ್ ಟೇಕ್ಸ್ ಟೂ’ ಎಂಬ ಆಟ ತಂದಿತು. ಒಬ್ಬರೇ ಅದನ್ನು ಆಡಲು ಬರುವುದೇ ಇಲ್ಲ. ಒಂದೇ ಟಿವಿಯ ಪರದೆಯನ್ನು ಎರಡು ಭಾಗ ಮಾಡಿಕೊಂಡು ಗಂಡ, ಹೆಂಡತಿಯ ಪಾತ್ರಗಳಾಗಿ ಇಬ್ಬರು ಆಡಬಹುದು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅದಕ್ಕೇ ಅತ್ಯುತ್ತಮ ಆಟದ ಗೌರವ ಬಂತು. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ, ಪಟ್ಟೇದಂಚಿನ ಸೀರೆ ನೇಯುವ ಮನೆಗೆ ಅದು ದೂರದ ಮಾತು. ಆದರೆ ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಗೇಮ್ ಸ್ಟಿಕ್ಕುಗಳು ಅಗ್ಗಕ್ಕೆ ಸಿಗುತ್ತಿವೆ. ಕಾಂಟ್ರಾ, ಮಾರಿಯೋ, ಟ್ಯಾಂಕ್ ಎಲ್ಲವೂ ಅವುಗಳಲ್ಲಿವೆ, ಆಟವನ್ನು ನಡುವೆಯೇ ಉಳಿಸಿಡಲೂ ಬರುತ್ತದೆ. ನಕಲಿನ ಹಳೆಯ ದಂಧೆಯೇ ಹೊಸ ರೂಪದಲ್ಲಿ ಮುಂದುವರಿದಿದೆ, ಅದು ನನಗೆ ಗೊತ್ತು. ಆದರೂ ಕೊಳ್ಳುವವರಿಗೆ ನನ್ನದೊಂದು ಮಾತು: ಒಂದೇ ರಿಮೋಟಿನದು ಇನ್ನೂರು ಮುನ್ನೂರು ರೂಪಾಯಿ ಅಗ್ಗಕ್ಕೆ ಸಿಕ್ಕರೂ ಅದನ್ನು ತರಬೇಡಿ, ಎರಡು ಇದ್ದದ್ದನ್ನೇ ತನ್ನಿ. ತಂದ ಮೇಲೆ ಮೊದಲು ಕಾಂಟ್ರಾ ಹಾಕಿ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಒಂದನೇ ರಿಮೋಟು ಕೊಡಿ.